ಎಡಕ್ಕೆ ಹಿಡಿ ಎಂದವಳು

ಮರೀಬಾ
ಮೇ 19, ಭಾನುವಾರ

ಮುದ್ದು ಬ್ರಾನ್,

ಮಗುವಿನ ದೀಕ್ಷಾಸ್ನಾನಕ್ಕೆ ನೀನು ಕರೆದು ಬರೆದ ಕಾಗದ ಮಂಗಳವಾರ ಬಂತು. ಓದಿ ಮೇಜಿನ ಮೇಲೆ ಇಟ್ಟಿದ್ದೆ, ನಿನ್ನಪ್ಪನೂ ಓದಿದರು. ‘ಅಮ್ಮ ಮಾತ್ರ’ ಎಂಬುದರ ಕೆಳಗೆ ನೀನು ಗೆರೆ ಎಳೆದಿದ್ದೆ. ಅವರು ಹೊರಗೆ ಹೋಗಿ ನನ್ನ ಕಾರಿನ ಟೈರಿಗೆ ಗಾಳಿ ಹಾಕಿದರು, ಎಂಜಿನ್ ಎಣ್ಣೆ ನೋಡಿದರು, ಗಾಜು ಒರೆಸಿದರು. ಒಳಗೆ ಬಂದು, “ಮಗಳ ಮನೆ ಟುವೂಂಬಾ ಅಂದ್ರೆ ಸುಮ್ನೆ ದೂರ ಅಲ್ಲ, ರೇ. ಮಧ್ಯದಲ್ಲಿ ಎರಡು ಕಡೆ ಉಳ್ಕೊಂಡು ಹೋಗು” ಎಂದರು.

ಬರುವ ಆಗಸ್ಟಿಗೆ ಎರಡು ವರ್ಷ. ನಿನಗೆ ರಜೆ ಸಿಗಲಿಲ್ಲವೆಂದು ನಾವು ಮೂವರೇ ಅಪ್ಪನ ಗಾಡಿಯಲ್ಲಿ ಉತ್ತರದ ತುದಿಗೆ ಹೊರಟೆವು. ಅಪ್ಪ, ನಾನು, ನಿನ್ನ ಕೀರನ್. ಎರಡು ದಿನ ಕೆಂಪು ಮಣ್ಣಿನ ಹಾದಿ ನಮ್ಮ ಹಲ್ಲುಗಳನ್ನೇ ಸಡಿಲಿಸಿತು. ಆಮೇಲೆ ಮಳೆಕಾಡು, ನಡುಹಗಲಲ್ಲೂ ದೀಪ ಹಾಕಿ ಹೋಗುವಂಥ ದಟ್ಟಣೆ. ಹಸಿರಿರುವೆಗಳು ಕೀರನ್‌ನ ಅಂಗಿಯೊಳಗೆ ಹೊಕ್ಕು ಅವನನ್ನು ಚೆನ್ನಾಗಿ ಕುಣಿಸಿದವು. ಸಂಜೆ ಕೆಂಡದ ಮೇಲೆ ರೊಟ್ಟಿ ಬೇಯುವಾಗ ಅವನು ಹೆಲಿಕಾಪ್ಟರಿನಲ್ಲಿ ದನ ಅಟ್ಟುವ ಕಥೆ ಹೇಳುತ್ತಿದ್ದ. “ಶಬ್ದ ಕೇಳಿದ್ರೆ ಗೂಳಿ ಹೆಂಗೆ ಓಡುತ್ತೆ ಗೊತ್ತಾ ರೇಲೀನ್? ಅತ್ತೆ ಬಂದಳು ಅಂದಾಗ ಅಳಿಯ ಹಿತ್ತಲಿಂದ ಓಡ್ತಾನಲ್ಲ, ಹಂಗೆ.” ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಐದನೆಯ ದಿನ ಮಧ್ಯಾಹ್ನ ಆ ತೊರೆ ಎದುರಾಯಿತು. ನಡೆದು ನೋಡದ ನೀರಿಗೆ ಗಾಡಿ ಇಳಿಸಬಾರದೆಂದು ನಿನಗೂ ಚಿಕ್ಕಂದಿನಲ್ಲೇ ಕಲಿಸಿದವರು ನಿನ್ನಪ್ಪ. ಅವರು ಟೈರಿನ ಗಾಳಿ ಇಳಿಸುತ್ತ ಕೂತಿದ್ದರು. ಎಂಜಿನ್ನಿಗೆ ನೀರು ನುಗ್ಗದಂತೆ ಕೀರನ್ ಗಾಡಿಯ ಮುಂಭಾಗಕ್ಕೆ ಟಾರ್ಪಾಲು ಕಟ್ಟುತ್ತಿದ್ದ. ಕೋಲು ಹಿಡಿದು ನೀರಿಗೆ ಇಳಿದವಳು ನಾನು. ತಿರುವಿನಾಚೆಗೆ ಹೋದ ಮೇಲೆ ಇಬ್ಬರಿಗೂ ನಾನು ಕಾಣುತ್ತಿರಲಿಲ್ಲ. ನೀರು ಕಷಾಯದ ಬಣ್ಣದಲ್ಲಿತ್ತು, ನನ್ನ ಕಾಲೇ ನನಗೆ ಕಾಣದು. ಮೊಸಳೆಯ ಯೋಚನೆ ಬಂತು. ಅರ್ಧಕ್ಕೆ ನಿಂತು, ಸ್ವಲ್ಪ ಹೊತ್ತು ಕಳೆದು, ಹಿಂದಿರುಗಿದೆ. “ಎಡಕ್ಕೆ ಹಿಡಿ, ಡೆಸ್. ಆ ದಡದವರೆಗೂ ಗಟ್ಟಿ ನೆಲ” ಎಂದೆ.

ಅವರು ಎಡಕ್ಕೇ ಹಿಡಿದರು. ಗಾಡಿ ಮೂತಿ ಮುಂದಾಗಿ ಗುಂಡಿಗೆ ಬಿತ್ತು, ಎಂಜಿನ್ ನೀರು ಕುಡಿದು ನಿಂತಿತು. ಕೀರನ್ ಗಾಡಿಯ ಮುಂದಿದ್ದ ಬ್ಯಾಟರಿ ರಾಟೆಯ ಉಕ್ಕಿನ ಹಗ್ಗವನ್ನು ಆಚೆ ದಡದ ಮರಕ್ಕೆ ಬಿಗಿದ. ಎಳೆಯುವಾಗ ಅದು ತುಂಡಾಗಿ ಅವನ ಮುಖಕ್ಕೆ ಬಡಿಯಿತು. ವೈದ್ಯರ ವಿಮಾನ ಹತ್ತಿರದ ದನದ ಫಾರ್ಮಿನಲ್ಲಿ ಇಳಿದಾಗ ಸಂಜೆಯಾಗಿತ್ತು. ಬಲಗಣ್ಣು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ನೀನು ನನ್ನ ತೋಳು ಹಿಡಿದು ಕೇಳಿದೆ, “ಅಮ್ಮಾ, ನೀನು ನಡೆದು ನೋಡಿದ್ಯಲ್ಲ, ಮತ್ತೆ ಹೇಗಾಯ್ತು?” ಕೀರನ್‌ಗೆ ಆ ಮಧ್ಯಾಹ್ನದ ನೆನಪೇ ಅಳಿಸಿಹೋಗಿತ್ತು. ನಾನು ಹೇಳಿದೆ, “ನಾನು ಎಡಕ್ಕೆ ಅಂದೆ, ನಿನ್ನಪ್ಪ ಬಲಕ್ಕೆ ಎಳೆದ್ರು.” ಅವರು ಅಲ್ಲೇ ಇದ್ದರು. ನನ್ನನ್ನು ನೋಡಿದರು, ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. “ಹೌದು, ಹಂಗೇ ಆಗಿರ್ಬೇಕು” ಎಂದರು. “ಇನ್ನು ನನ್ನ ಹೊಸಿಲು ತುಳೀಬೇಡಿ” ಎಂದೆ ನೀನು. ಇವತ್ತಿನವರೆಗೂ ಅವರು ತುಳಿದಿಲ್ಲ.

ಹೆಲಿಕಾಪ್ಟರ್ ಹಾರಿಸುತ್ತಿದ್ದ ಕೀರನ್ ಈಗ ಬಿಡಿಭಾಗದ ಅಂಗಡಿಯಲ್ಲಿ ನಟ್ಟು ಬೋಲ್ಟು ಎಣಿಸುತ್ತಾನೆ. ನಿನ್ನ ಕೋಪಕ್ಕೆ ಕಾರಣವಿದೆ. ಆದರೆ ಅದು ಹೋಗಿ ತಗುಲಿದ್ದು ಬೇರೆಯವರಿಗೆ. ಅಪ್ಪ ಗಾಡಿ ಮಾರಿಬಿಟ್ಟರು. ಚಹಾ ಕುಡಿಯುತ್ತ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು, “ಇಲ್ಲಿಂದ ಎಡಕ್ಕೇ ಹಿಡಿದಿದ್ದೆ ಅಂತ ನನ್ನ ನೆನಪು, ರೇ. ಎಲ್ಲಿ ತಪ್ಪಿದೆ, ಹೇಳು” ಎಂದು ಕೇಳುತ್ತಾರೆ. ನಾನು ಬಟ್ಟೆ ಒಣಹಾಕುವ ನೆಪ ಮಾಡಿ ಎದ್ದು ಹೋಗುತ್ತೇನೆ.

ಮೊನ್ನೆ ಶುಕ್ರವಾರ ಎದ್ದು ಹೋಗಲಿಲ್ಲ. “ತಪ್ಪಿದ್ದು ನೀನಲ್ಲ, ಡೆಸ್. ಮೊಸಳೆಗೆ ಹೆದರಿ ನಾನು ಅರ್ಧಕ್ಕೇ ವಾಪಸ್ ಬಂದಿದ್ದೆ” ಎಂದೆ. ಅವರು ಮೇಜಿನ ಮೇಲೆ ಅದೇ ಗೆರೆಯನ್ನು ಮತ್ತೊಮ್ಮೆ ಎಳೆದರು. “ಹಂಗಾದ್ರೆ ನಾನು ಎಡಕ್ಕೇ ಹಿಡಿದಿದ್ದೆ” ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ, “ಮೊಸಳೆ ಅಂದ್ರೆ ಯಾರಿಗೆ ಭಯ ಇಲ್ಲ? ನಿನ್ನನ್ನ ನೀರಿಗೆ ಇಳಿಸಿದ್ದೇ ನಂದು ತಪ್ಪು” ಎಂದು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದರು.

ನೀನೂ ಹಾಗೆ ಕ್ಷಮಿಸಬೇಕೆಂದು ಕೇಳುವುದಿಲ್ಲ. ಅಪ್ಪನ ಮೇಲಿನ ಸಿಟ್ಟನ್ನು ಇಳಿಸು, ಅಷ್ಟೇ. ಮಗುವಿಗೂ ಕೀರನ್‌ಗೂ ನನ್ನ ಮುತ್ತು.

ನಿನ್ನೆದುರು ನಿಂತು ಇದನ್ನು ಹೇಳಲಾರದ
ನಿನ್ನ ಅಮ್ಮ
ರೇಲೀನ್

ಮತ್ತೆ ಬರೆದದ್ದು: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೊಸಳೆಯ ಮಾತು ಸುಳ್ಳು. ಅಪ್ಪ ಆ ಸುಳ್ಳನ್ನು ಕ್ಷಮಿಸಿದ ಮೇಲೆ ನನಗೆ ನಿದ್ದೆಯಿಲ್ಲ. ತೊರೆಯನ್ನು ನಾನು ದಡದಿಂದ ದಡಕ್ಕೆ ನಡೆದಿದ್ದೆ. ಬಲಗಡೆ ಗಟ್ಟಿಯಿತ್ತು. ಎಡಗಡೆ ಚುಚ್ಚಿದ ಕೋಲು ಪೂರ್ತಿ ಮುಳುಗಿತು. ಆ ಬೆಳಿಗ್ಗೆ ಮ್ಯಾಪ್ ನೋಡಿ ಕವಲಿನಲ್ಲಿ ನಾನು ತಪ್ಪು ದಾರಿ ಹೇಳಿದ್ದೆ. ಅಪ್ಪ ಕೀರನ್‌ಗೆ, “ಇವಳ ಕೈಗೆ ಮ್ಯಾಪ್ ಕೊಟ್ರೆ ಅಡುಗೆಮನೆಗೂ ದಾರಿ ತಪ್ತಾಳೆ” ಎಂದರು, ಅವನು ನಕ್ಕ. ಮದುವೆಯಾದಾಗಿನಿಂದ ಕೇಳಿದ ಮಾತೇ. ಅಳಿಯನ ಮುಂದೆ ಅವರೂ ಒಮ್ಮೆ ಸೊಂಟಮಟ್ಟದ ನೀರಲ್ಲಿ ಪೆಚ್ಚಾಗಿ ನಿಲ್ಲಲಿ ಅನ್ನಿಸಿತು. ಅಷ್ಟೇ ಬೇಕಿದ್ದದ್ದು. ಅಪ್ಪ ಈಗ ಹಿತ್ತಲಲ್ಲಿದ್ದಾರೆ. ಈ ಹಾಳೆಯನ್ನು ಅವರಿಗೆ ಓದಿ ಹೇಳಿಯೇ ಅಂಚೆಗೆ ಹಾಕುತ್ತೇನೆ. ದೀಕ್ಷಾಸ್ನಾನಕ್ಕೆ ನೀನೇ ಫೋನ್ ಮಾಡಿ ಅವರನ್ನು ಕರೆ. ನಾನು ಎತ್ತುವುದಿಲ್ಲ.