ತಿಥಿ ಊಟ ಸಂಜೆಗಿರಲಿ

ಹನೋಯ್,
ಗುರುವಾರ

ಖಿಯೆಮ್ ಅಣ್ಣನಿಗೆ,

ನನ್ನ ಲಿವರಿನಲ್ಲಿ ಕಂಡಿದ್ದ ಸಣ್ಣ ಗಡ್ಡೆ ಕ್ಯಾನ್ಸರ್ ಎಂದು ಖಚಿತವಾಗಿದೆ. ನಿನ್ನೆ ವರದಿ ನೋಡಿ ಡಾಕ್ಟರ್ ದಿಯೆಪ್ ತಿಳಿಸಿದರು. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಿದ್ದುದರಿಂದ ಬೇಗ ಸಿಕ್ಕಿದೆ, ಕತ್ತರಿಸಿ ತೆಗೆಯಬಹುದಂತೆ.

ಹೊಸವರ್ಷದ ಟೆಟ್ ಹಬ್ಬದಲ್ಲಿ ಸ್ಕ್ಯಾನಿನ ಮಾತು ಬಂದಾಗ ನೀನು ಎಲ್ಲರೆದುರು, "ನಮ್ಮ ಹೆಪಟೈಟಿಸ್ ಬಿ ವೈರಸ್ಸೇ ನಿದ್ದೆ ಮಾಡ್ತಿದೆ ಅಂತ ಡಾಕ್ಟ್ರು ಹೇಳಿದ್ಮೇಲೆ ನಿಂಗ್ಯಾಕೇ ನಿದ್ದೆಗೇಡು?" ಎಂದು ನಗಿಸಿದ್ದೆ. ನಾನೂ ನಕ್ಕಿದ್ದೆ. ನನ್ನದು ಈಗಲೂ ನಿದ್ದೆಯಲ್ಲೇ ಇದೆ ಎನ್ನುತ್ತದೆ ರಕ್ತದ ವರದಿ. ಗಡ್ಡೆ ಹಾಗಿದ್ದೂ ಬಂತು.

ಅಮ್ಮನಿಗೆ ಹೇಳಬೇಡ. ಹೆರಿಗೆಯಲ್ಲಿ ತನ್ನಿಂದಲೇ ಇದು ನಮಗೆ ಬಂತೆಂದು ಗೊತ್ತಾದ ದಿನದಿಂದ ಅವಳು ತನ್ನ ಬಟ್ಟಲು, ಊಟದ ಕಡ್ಡಿ ಬೇರೆ ಇಟ್ಟುಕೊಂಡಿದ್ದಾಳೆ. ಹಾಗೆ ಹರಡುವುದಿಲ್ಲವೆಂದರೂ ಕೇಳುವುದಿಲ್ಲ.

ಅಪ್ಪನ ತಿಥಿಗೆ ಊರಿಗೆ ಬರುತ್ತೇನೆ. ಈ ಸಲ ಊಟ ಮಧ್ಯಾಹ್ನ ಬೇಡ, ಸಂಜೆಗಿಡು. ಅತ್ತಿಗೆ ಗೊಣಗಿದರೆ ನನ್ನ ಹೆಸರು ಹೇಳು. ಬೆಳಿಗ್ಗೆ ನೀನು ಏನೂ ತಿನ್ನಬೇಡ, ಸ್ಕ್ಯಾನಿಗೆ ಬರಿಹೊಟ್ಟೆ ಬೇಕು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಜೊತೆಗೆ ನಾನೂ ಬರುತ್ತೇನೆ.

ತಿಥಿಯ ದಿನ ಬೆಳಿಗ್ಗೆ ಒಂಬತ್ತಕ್ಕೆ ನಿನ್ನ ಸ್ಕ್ಯಾನ್. ಅದರ ಮುಂದಿನ ಸೋಮವಾರ ನನ್ನ ಆಪರೇಷನ್.

ನಿನ್ನ ತಂಗಿ,
ಥೋವಾ