ಬಂದರಿನ ಹೊಸ ಮನೆ

ಕೊಚ್ಚಿ ಬಂದರು,
ಫೆಬ್ರವರಿ ೧೯೩೮

ನನ್ನನ್ನು ಸಾಕಿ ಬೆಳೆಸಿದ ಅತ್ತಿಗೆ ರಂಗಕ್ಕನಿಗೆ ಸಂಜೀವಯ್ಯ ಮಾಡುವ ನಮಸ್ಕಾರ.

ಈ ಕಾಗದವನ್ನು ಮದಲೂರಿನಲ್ಲಿ ಯಾರ ಕೈಯಲ್ಲೂ ಓದಿಸಬೇಡ. ನಾನು ಕಾಗುಣಿತ ಬರೆಯುವಾಗ ಪಕ್ಕದಲ್ಲಿ ಕೂತು ನೀನೂ ಅಕ್ಷರ ಕಲಿತೆಯಲ್ಲ, ಅದಕ್ಕೇ ದಪ್ಪಕ್ಷರದಲ್ಲಿ ಬಿಡಿಸಿ ಬರೆದಿದ್ದೇನೆ.

ನನ್ನಣ್ಣ ಪಾಲಣ್ಣ ಜ್ವರದಲ್ಲಿ ತೀರಿಕೊಂಡಾಗ ನಿನಗೆ ಇಪ್ಪತ್ತೂ ತುಂಬಿರಲಿಲ್ಲ. ತವರಿಗೆ ಕರೆದೊಯ್ಯಲು ಬಂದ ನಿನ್ನಣ್ಣ ದೊಡ್ಡರಂಗಪ್ಪನವರನ್ನು, "ಈ ಹುಡುಗನ್ನ ಯಾರ ಮನೆ ಬಾಗ್ಲಾಗೆ ಬುಟ್ಟು ಬರ್ಲಣ್ಣ?" ಎಂದು ಕೇಳಿ ನನಗಾಗಿ ಉಳಿದುಬಿಟ್ಟೆ. ಹೊಲ ಮಾಡಿಸಿ, ನನ್ನನ್ನು ತುಮಕೂರಿನಲ್ಲಿ ಓದಿಸಿದೆ. ಇಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದ್ದು ಆ ಓದಿನಿಂದಲೇ.

ಹೋದ ವರ್ಷ ನನಗೆ ಚಳಿಜ್ವರ ಬಂದಾಗ ನೀನು ರಾಗಿಹಿಟ್ಟಿನ ಗಂಟು ಹೊತ್ತು ರೈಲಿನಲ್ಲಿ ಬಂದೆ. ಸಮುದ್ರ ನೋಡಿ, "ನಮ್ಮ ಕೆರೆ ಕೋಡಿ ಬಿದ್ರೂ ಆಚೆ ದಡ ಕಾಣ್ತದೆ, ಇದ್ರುದ್ದು ಎಲ್ಲೈತಪ್ಪ?" ಅಂದೆ. ಕೊರಟಗೆರೆಯ ಮೂಡಲಗಿರಿಯಪ್ಪನವರು ಮುದ್ದೆಯ ಆಸೆಗೆ ಊಟಕ್ಕೆ ಬರತೊಡಗಿದ್ದು ಆಗಲೇ. ಹಡಗುಕಟ್ಟೆಗೆ ಕಲ್ಲು ಕಟ್ಟುವವರು, ಹೆಂಡತಿಯನ್ನು ಕಳೆದುಕೊಂಡವರು, ನಮ್ಮ ಜನವೇ. ಮೊದಲ ದಿನ ತಲೆ ಎತ್ತದೆ ಉಂಡು ಹೋದರು.

ಒಂದು ಭಾನುವಾರ ಮೂವರೂ ವಿಮಾನ ಇಳಿಯುವ ಬಯಲಿಗೆ ಹೋದೆವು. ಆ ಸದ್ದಿಗೆ ನೀನು ಕಿವಿ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟೆ. ಪಕ್ಕದಲ್ಲಿ ಅವರೂ ಹಾಗೇ ಕುಕ್ಕರಿಸಿದ್ದರು. ಒಬ್ಬರನ್ನೊಬ್ಬರು ನೋಡಿಕೊಂಡು ಎಷ್ಟು ನಕ್ಕಿರಿ! ಅಣ್ಣ ಹೋದ ಮೇಲೆ ನಿನ್ನ ಅಂಥ ನಗುವನ್ನು ನಾನು ಕೇಳಿರಲಿಲ್ಲ.

ಆಮೇಲೆ ಬಂದರನ್ನು ದೊಡ್ಡದು ಮಾಡುವ ಯೋಜನೆ ಬಂತು. ಹಡಗುಕಟ್ಟೆ ಇನ್ನಷ್ಟು ಉದ್ದವಾಗಬೇಕು, ಹೊಸ ಕ್ರೇನುಗಳು ಬರಬೇಕು, ವಿಮಾನದ ಬಯಲು ನಮ್ಮ ಸಾಲುಮನೆಗಳ ತನಕ ಚಾಚಬೇಕು. ನಕ್ಷೆ ಬಿಚ್ಚಿದಾಗ ನೀನು ನಮ್ಮ ಮನೆ ಎಲ್ಲಿ ಎಂದು ಕೇಳಿದೆ. ವಿಮಾನ ಓಡುವ ದಾರಿಯ ಮೇಲೆ ನಾನು ಬೆರಳಿಟ್ಟು ತೋರಿಸಿದೆ. ಅದೇ ವಾರ ಉಪ್ಪುಗಾಳಿ ಒಗ್ಗದೆಂದು ಹೇಳಿ ನೀನು ಊರಿಗೆ ಹೊರಟೆ. ಮನೆ ಹೋಗುತ್ತದೆಂದು ಬೇಜಾರಾಯಿತೇನೋ ಎಂದುಕೊಂಡೆ.

ನಿಜ ತಿಳಿದದ್ದು ಈ ತಿಂಗಳು. ಹೊಸ ಕೆಲಸಕ್ಕೆ ಮೂಡಲಗಿರಿಯಪ್ಪನವರನ್ನು ಮೇಸ್ತ್ರಿ ಮಾಡಿ, ಇರಲು ಮನೆಯನ್ನೂ ಕೊಟ್ಟಿದ್ದಾರೆ. ಅದನ್ನು ಹೇಳಲು ಬಂದವರು ಬಾಗಿಲಲ್ಲೇ ನಿಂತರು. ನೀನು ಹೊರಡುವ ಮುಂಚೆ ಕೂಡಿ ಬಾಳೋಣವೇ ಎಂದು ಕೇಳಿದ್ದರಂತೆ. "ನನ್ನ ಮೈದ್ನ ಊರಾಗೆ ತಲೆ ಎತ್ಕಂಡು ಓಡಾಡ್ಬೇಕು. ಬ್ಯಾಡ, ಬುಟ್ಬುಡಿ" ಅಂದೆಯಂತೆ. "ನಂಗೆ ಅವರ ಮಾತೇ ದೊಡ್ಡದು. ಆದ್ರೂ ನಿಮ್ಮನ್ನ ಒಂದು ಮಾತು ಕೇಳ್ದೆ ಇರಾಕೆ ಆಗ್ಲಿಲ್ಲ" ಅಂದರು. ನಾನು ಅವರ ಕೈ ಹಿಡಿದು ಒಳಗೆ ಕರೆದು ಕೂರಿಸಿದೆ.

ಅತ್ತಿಗೆ, ನನ್ನ ತಲೆಯನ್ನು ಎತ್ತಿ ನಿಲ್ಲಿಸಿದವಳು ನೀನು. ನಿನ್ನ ಸುಖಕ್ಕೆ ಅದು ತಗ್ಗುವಂಥದ್ದಲ್ಲ. ದೊಡ್ಡರಂಗಪ್ಪನವರಿಗೂ ತಿಳಿಸಿದೆ. ನಮ್ಮಲ್ಲಿ ಗಂಡ ಹೋದವಳಿಗೆ ಮತ್ತೆ ಸೀರೆ ಉಡಿಸಿ ಇನ್ನೊಬ್ಬರ ಮನೆಗೆ ಕಳಿಸುವುದು ಹೊಸದೇನಲ್ಲ, ರಂಗಿ ಹೂಂ ಅಂದರೆ ಸೀರೆ ನಾನೇ ತರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ.

ಬರುವ ವಾರ ರಜೆ ಹಾಕಿ ಊರಿಗೆ ಬರುತ್ತೇನೆ. ನೀನು ಒಲ್ಲೆ ಅಂದರೆ ಈ ಮಾತು ಮತ್ತೆಂದೂ ಎತ್ತುವುದಿಲ್ಲ. ಆದರೆ ನನಗಾಗಿ ಒಲ್ಲೆ ಅನ್ನಬೇಡ, ನಿನಗೆ ಬೇಡವಾಗಿದ್ದರೆ ಮಾತ್ರ ಅನ್ನು.

ಕಿರಿಯವರು ಹಿರಿಯರನ್ನು ಹರಸಬಾರದಂತೆ. ನಿನ್ನನ್ನು ಹರಸಲು ನಮ್ಮ ಮನೆಯಲ್ಲಿ ಇನ್ಯಾರೂ ಉಳಿದಿಲ್ಲವಾದ್ದರಿಂದ ನಾನೇ ಹರಸುತ್ತೇನೆ: ಮುತ್ತೈದೆಯಾಗಿ ನೂರು ವರ್ಷ ಬಾಳು.

ನಿನ್ನ ಮೈದುನ, ನಿನ್ನ ಮಗ,
ಸಂಜೀವ