ನಾಲ್ಕನೇ ಬಾಟ್ಲಿ, ಐದನೇ ಬಾಟ್ಲಿ

ಬ್ಯಾಡಗಿ
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಮೊಮ್ಮಗಳು ಭುವನವ್ವಗ,

ಹೆಂಗದಿ ಮಗಳ? ನಾಸಿಕದಾಗ ಈ ಸಲ ಥಂಡಿ ಭಾಳ ಅಂತ ಕೇಳಿದೆ. ಹೊತ್ತು ಮೂಡೂಕಿಂತ ಮೊದಲ ದ್ರಾಕ್ಷಿ ತ್ವಾಟಕ್ಕ ಹೋಗಬೇಕಾಗತೈತಿ ಅಂದಿದ್ದಿ. ಕಿವಿ ತುಂಬ ಸ್ಕಾರ್ಫ್ ಕಟ್ಟಕೊಂಡು ಹೋಗು. ನಿನಗ ನೆಗಡಿ ಆತಂದ್ರ ವೈನಿನ ಕೆಲಸ ನಿಂತಂಗ. ಇಲ್ಲಿ ನಿಮ್ಮಜ್ಜಿ ಕರೆವ್ವನ ಮಣಕಾಲು ನೋವು ಇದ್ದಂಗ ಐತಿ, ಆದ್ರೂ ಸಂಕ್ರಾಂತಿಗೆ ಸಜ್ಜಿ ರೊಟ್ಟಿ ಬಡಿಯೂದು ಬಿಡಲಿಲ್ಲ. ನಿನ್ನ ಪಾಲಿಂದು ಡಬ್ಬ್ಯಾಗ ಕಟ್ಟಿಟ್ಟಾಳ, ಯಾರಿಗೂ ಮುಟ್ಟಾಕ ಬಿಡವಲ್ಲಳು. ನಿಮ್ಮಪ್ಪ, ನಿಮ್ಮವ್ವ ಆರಾಮ ಅದಾರ. ಪ್ಯಾಟಿಗೆ ಹೊಸ ಮೆಣಸಿನಕಾಯಿ ಬರಾಕತ್ತೈತಿ. ಸೋಮವಾರ, ಗುರುವಾರ ಯಾರ್ಡಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ಹೊರಗಿನ ಮಂದಿ ಸೀನಕೋತನ ಓಡ್ಯಾಡತಾರ.

ಫೋನ್ ಬಿಟ್ಟು ಅಜ್ಜ ಪತ್ರ ಯಾಕ ಬರದಾನ ಅಂತ ನಿನಗ ಅನಸತಿರಬೇಕು. ಫೋನಿನ್ಯಾಗ ನಿನ್ನ ದನಿ ಕೇಳಿದ ಕೂಡ್ಲೆ ನಾ ಮಾತು ಹೊಳ್ಳಸಿಬಿಡತೇನಿ. ಮೊನ್ನೆ ಸಂಕ್ರಾಂತಿ ದಿವಸನೂ ಹಂಗ ಆತು. 'ಅಜ್ಜಾ, ಇಪ್ಪತ್ತೇಳಕ್ಕ ವೈನ್ ರುಚಿ ನೋಡೂ ಪರೀಕ್ಷಾ ಐತಿ, ನಾ ಕುಂದ್ರಂಗಿಲ್ಲ. ದೀಪಾವಳಿ ಆದಮ್ಯಾಲ ನನ್ನ ಮೂಗಿನ ಮ್ಯಾಲ ನನಗ ಭರೋಸಾ ಇಲ್ಲ' ಅಂದಿ. ನಾ ಏನಂದೆ? 'ಎಳ್ಳು-ಬೆಲ್ಲ ತಿಂದ್ಯಾ?' ಅಂತ ಕೇಳಿದೆ. ಮಾತಾಡೂ ಬಾಯಿ ಹೇಡಿ ಆದ್ರ ಕೈಯರ ಬರೀಲಿ ಅಂತ ಕುಂತೇನಿ.

ನಲವತ್ತೆರಡು ವರ್ಷ ನಾ ಖರೀದಿದಾರರ ಪರವಾಗಿ ಮೆಣಸಿನಕಾಯಿ ನೋಡಿದಾವ. ನಿನಗ ಗೊತ್ತಿದ್ದದ್ದ. ಚೀಲದಾಗ ಕೈ ಹಾಕಿ ಒಂದು ಹಿಡಿ ತಗದು ಮೂಗಿಗೆ ಹಿಡದ್ರ, ಇದು ಕುಂದಗೋಳದ ಮಳಿ ಮ್ಯಾಲಿನ ಬೆಳಿ, ಇದು ಬಳ್ಳಾರಿ ಕಡೆ ಕಾಲುವಿ ನೀರಿಂದು, ಇದು ಹೋದ ವರ್ಷದ ಕೋಲ್ಡ್ ಸ್ಟೋರೇಜಿಂದು ಅಂತ ಹೇಳತಿದ್ದೆ. ನೀ ಸಣ್ಣಾಕಿದ್ದಾಗ ನನ್ನ ಪಕ್ಕ ನಿಂತು ಮೂಸಿ, ನನಗಿಂತ ಮೊದಲ ಊರು ಹೇಳತಿದ್ದಿ. ಆ ಮೂಗ ನಿನ್ನ ವೈನಿನ ಕೆಲಸಕ್ಕ ಒಯ್ತು ಅಂತ ಊರ ತುಂಬ ಹೇಳಕೋತ ಅಡ್ಡ್ಯಾಡೇನಿ.

ಆದ್ರ ಮಗಳ, ಎರಡು ಸಾವಿರದ ಇಪ್ಪತ್ತೊಂದರ ಆ ಜ್ವರದಾಗ ನನ್ನ ಮೂಗು ಹೋತು. ತಿರುಗಿ ಬರಲೇ ಇಲ್ಲ. ಮೆಣಸಿನಕಾಯಿ ಘಾಟು ಬಡಿತೈತಿ, ಕಣ್ಣಾಗ ನೀರು ಬರತೈತಿ, ಸೀನೂ ಬರತೈತಿ. ಹಂಗಾಗಿ ಯಾರಿಗೂ ಸಂಶೇ ಬರಲಿಲ್ಲ. ವಾಸನಿ ಮಾತ್ರ ಇಲ್ಲ. ಮಲ್ಲಿಗಿಲ್ಲ, ಸೀಮಿಎಣ್ಣಿ ಇಲ್ಲ, ತುಪ್ಪ ಇಲ್ಲ. ಮೂರೂವರಿ ವರ್ಷ ಬಣ್ಣ ನೋಡಿ, ಕಾಯಿ ಮುರದ ಸಪ್ಪಳ ಕೇಳಿ, ಅಂಗೈಯಾಗಿನ ತಂಪು ನೋಡಿ ನಡಿಸಿದೆ. ಮೂಗಿಗೆ ಹಿಡಿಯೂದು ಬರೇ ಮಂದಿಗೆ ತೋರಸಾಕ. ಅಂದಾನೆಪ್ಪನ ಮೂಗು ಹೋತಂದ್ರ ಅಂದಾನೆಪ್ಪನ ಹತ್ರ ಯಾರು ಬರ್ತಾರ?

ಈಗ ದೀಪಾವಳಿ ಮಾತಿಗೆ ಬರ್ತೇನಿ. ನೀ ಐದು ಬಾಟ್ಲಿ ವೈನ್ ಸೀರ್ಯಾಗ ಸುತ್ತಿ ತಂದಿ. ಶರಣರ ಮನ್ಯಾಗ ಇದೆಂಥಾದ್ದು ಅಂತ ನಿಮ್ಮಜ್ಜಿ ದೇವರ ಮನಿ ಕದ ಹಾಕಿ, ಮಾಳಗಿ ಮ್ಯಾಲ ಬಂದು ನಡುವ ಕುಂತ್ಲು. 'ಕುಡಿಯೂದಲ್ಲಜ್ಜಿ, ಬಾಯಾಗ ಹೊಳ್ಯಾಡಿಸಿ ಉಗುಳೂದು' ಅಂತ ನೀ ಆಣಿ ಮಾಡಿದಿ. ಬಾಟ್ಲಿಗೆ ಪೇಪರ್ ಸುತ್ತಿ, ರಬ್ಬರ್ ಹಾಕಿ, ಒಂದರಿಂದ ಐದು ಅಂತ ಚೀಟಿ ಸಿಗಸೂ ಕೆಲಸ ಆಕಿಗೇ ಕೊಟ್ಟಿ, ಆಕಿಗೆ ಓದಾಕ ಬರಂಗಿಲ್ಲ ಅಂತ. ಮೊದಲಿನ ಎರಡು ಬಿಳೇವು, ಎರಡೂ ನಾಸಿಕದ್ದ, ದ್ರಾಕ್ಷಿ ಬ್ಯಾರೆ ಬ್ಯಾರೆ. ಒಂದರಾಗ ಪ್ಯಾರಲಹಣ್ಣು, ಇನ್ನೊಂದರಾಗ ಆಗಷ್ಟ ಕೊಯ್ದ ಹುಲ್ಲು ಅಂದಿ. ಮೂರನೇದು ನಂದಿ ಬೆಟ್ಟದ ಕಡೇದು, ಕೆಂಪು, ಹಸಿ ದೊಣ್ಣಮೆಣಸಿನಕಾಯಿ ಹೆಚ್ಚಿದಂಗ ಅಂದಿ. ನಾ ಎಲ್ಲಾದಕ್ಕೂ ಗೋಣು ಹಾಕಿದೆ. ನನ್ನ ನಾಲಿಗಿಗೆ ಹುಳಿ, ಸಿಹಿ, ಒಗರು ಇಷ್ಟ ಗೊತ್ತಾಗತೈತಿ. ಉಳಿದದ್ದು ನಿನ್ನ ಹುಬ್ಬು ನೋಡಿ ಹೇಳಿದೆ. ನೀ ಖುಷಿಯಾಗಿ 'ಅಜ್ಜಗ ಸಾಟಿ ಇಲ್ಲ' ಅಂತ ಅಜ್ಜಿನ್ನ ಅಲಗ್ಯಾಡಿಸಿದಿ.

ಕಡೀಕ ನಾಲ್ಕು ಮತ್ತ ಐದು. ಎರಡೂ ಶಿರಾಜ್ ಅನ್ನೂ ಒಂದ ಜಾತಿ ದ್ರಾಕ್ಷಿ, ಒಂದು ನಮ್ಮ ವಿಜಯಪುರದ್ದು, ಒಂದು ಫ್ರಾನ್ಸ್ ದೇಶದ್ದು. ಬೀಜ ಒಂದ ಇದ್ರೂ ಮಣ್ಣು ಬ್ಯಾರೆ ಆದ್ರ ಕಾಯಿ ಬ್ಯಾರೆ ಆಗತೈತಿ, ಅದು ನನಗೂ ತಿಳಿಯೂ ಮಾತು. ನೀ ಕಣ್ಣು ಮುಚ್ಚಿ ಭಾಳ ಹೊತ್ತು ಮೂಸಿದಿ. 'ನಾಲ್ಕರಾಗ ಕರಿಮೆಣಸು ಕುಟ್ಟಿದ ವಾಸನಿ ಐತಿ, ಇದು ತಂಪು ಸೀಮಿದು, ಫ್ರಾನ್ಸ್. ಐದರಾಗ ಬಿಸಿಲಿಗೆ ಮಾಗಿದ ನೇರಳೆಹಣ್ಣು, ಇದು ವಿಜಯಪುರ' ಅಂದಿ. ನಾ ಗ್ಲಾಸು ಧೋತರದ ಮುಂದ ಹಿಡದು ಬಣ್ಣ ನೋಡಿದೆ. ಐದು ಗಾಢ ಇತ್ತು. ನಮ್ಮ ಪ್ಯಾಟ್ಯಾಗ ಗಾಢ ಬಣ್ಣಂದ್ರ ತುಟ್ಟಿ ಮಾಲು. 'ಅಲ್ಲಬೇ, ಐದ ಫ್ರಾನ್ಸಿಂದು' ಅಂತ ಖಡಾಖಂಡಿತ ಹೇಳಿಬಿಟ್ಟೆ. ನೀ ನಕ್ಕು 'ಈ ಸಲ ನಾ ಗೆಲ್ಲತೇನಿ ನೋಡು' ಅಂದಿ. ಅಷ್ಟರಾಗ ನಿನಗ ಫೋನ್ ಬಂತು, ಕೆಳಗ ಇಳದು ಹೋದಿ.

ನಾ ಐದನೇದರ ಪೇಪರ್ ಸ್ವಲ್ಪ ಸರಿಸಿ ನೋಡಿದೆ. ಚೀಲದ ಮ್ಯಾಲಿನ ಇಂಗ್ಲಿಷ್ ಅಕ್ಷರ ಓದಿ ರೂಢಿ ಇದ್ದಾವ ನಾ. ವಿಜಯಪುರ ಅಂತಿತ್ತು. ನೀ ಹೇಳಿದ್ದ ಖರೇ ಇತ್ತು. ಆವಾಗ ನನ್ನ ಕೈ ಆ ಎರಡು ಚೀಟಿ ಅದಲುಬದಲು ಮಾಡ್ತು ಭುವನಾ. ನೀ ಮ್ಯಾಲ ಬಂದು ಪೇಪರ್ ಬಿಚ್ಚಿದಿ, ಐದರ ಚೀಟಿ ಫ್ರಾನ್ಸಿನ ಬಾಟ್ಲಿ ಮ್ಯಾಲ ಇತ್ತು. ಮೊದಲ ನಕ್ಕಿ. ಆಮ್ಯಾಲ ಎರಡೂ ಗ್ಲಾಸು ತಿರುಗಿ ಮೂಸಿದಿ, ಮತ್ತ ಮೂಸಿದಿ. 'ದಿನಾ ಇದರಾಗ ಇರಾಕಿ ನಾ, ಜನ್ಮದಾಗ ಮುಟ್ಟದಾವ ನೀನು' ಅಂತ ಸಣ್ಣಗ ಅಂದು, ನಿನ್ನ ವಹಿಯಾಗ ಬರದದ್ದು ಕಾಟು ಹೊಡದಿ. ನಾ ಹೆಮ್ಮಿಲೆ ಮೀಸಿ ತಿರುವಿದೆ. ಆ ಮೀಸಿ ನೆನಸಕೊಂಡ್ರ ಈಗ ಬೋಳಸಿಬಿಡಬೇಕು ಅನಸತೈತಿ.

ನಿಮ್ಮಜ್ಜಿ ನೋಡಿದ್ಲು. ಎರಡೂವರಿ ತಿಂಗಳು ಅದರ ಮಾತು ತಗೀಲಿಲ್ಲ. ಸಂಕ್ರಾಂತಿ ದಿನ ನಾ ಫೋನ್ ಇಟ್ಟ ಮ್ಯಾಲ ಒಲಿ ಮುಂದಿಂದ ಎದ್ದು ಬಂದ್ಲು. 'ನಿಮ್ಮ ಮೂಗು ಉಳಿಸಿಕೊಳ್ಳಾಕ ಮೊಮ್ಮಗಳ ಮೂಗು ಕೊಯ್ದ್ರಲ್ರಿ' ಅಂದ್ಲು. ಅಷ್ಟ. ನನಗ ವಾಸನಿ ಬರಂಗಿಲ್ಲ ಅನ್ನೂದೂ ಆಕಿಗೆ ಮೊದಲಿಂದ ಗೊತ್ತಿತ್ತಂತ. ಹಾಲು ಸೀದ ದಿವಸ ನಾ ಒಲಿ ಮುಂದನ ಪೇಪರ್ ಓದಕೋತ ಕುಂತಿದ್ನಂತ.

ನಿನ್ನೆ ಗುರುವಾರ ಯಾರ್ಡಿನ್ಯಾಗ ನನ್ನ ಪಾಲುದಾರ ಅಸ್ಲಮ್, ಇಪ್ಪತ್ತು ವರ್ಷ ನನ್ನ ಜೋಡಿ ದುಡದಾವ, ನಾ ಛಲೋ ಐತಿ ಅಂದ ಮಾಲಿನ ಮುಂದ ನಿಂತ. 'ಕಾಕಾ, ಒಳಗ ಮುಗ್ಗಲ ವಾಸನಿ ಹೊಡಿಯಾಕತ್ತೈತಿ, ನಿಮಗ ಬರವಲ್ದಾ?' ಅಂತ ಕಿವ್ಯಾಗ ಕೇಳಿದ. ಮೊದಲಾಗಿದ್ರ 'ನಿನಗೇನು ತಿಳಿತೈತಿ' ಅಂತ ಗದರಸತಿದ್ದೆ. ನಿಮ್ಮಜ್ಜಿ ಮಾತು ಇನ್ನೂ ಕಿವ್ಯಾಗ ಇತ್ತು. 'ಬರಂಗಿಲ್ಲಪಾ. ಮೂರೂವರಿ ವರ್ಷ ಆತು, ಏನೂ ಬರಂಗಿಲ್ಲ' ಅಂದೆ. ಅಲ್ಲೆ ಇದ್ದ ನಾಲ್ಕು ಮಂದಿ ಹಮಾಲರೂ ಕೇಳಿದ್ರು. ಅಸ್ಲಮ್ ನನ್ನ ಕೈ ಹಿಡದು ಚೀಲದ ಮ್ಯಾಲ ಕುಂದ್ರಸಿ ಚಾ ತರಿಸಿದ. ಇನ್ನ ಮ್ಯಾಲ ಮೂಸೂದು ಅವನು, ಬಣ್ಣ ಮತ್ತ ಕೈ ನಾನು. ಸಂಜಿತನಕ ಊರಿಗೆಲ್ಲ ಗೊತ್ತಾತು. ಆಕಾಶೇನೂ ಕಳಚಿ ಬೀಳಲಿಲ್ಲ.

ಅದಕ್ಕ ಕೇಳು ಮಗಳ. ಆ ದಿವಸ ಐದಕ್ಕ ಐದೂ ನೀ ಹೇಳಿದ್ದ ಖರೇ. ನಿನ್ನ ಮೂಗಿಗೆ ಏನೂ ಆಗಿಲ್ಲ, ಆದದ್ದು ನನ್ನ ಮನಸ್ಸಿಗೆ. ಹೆಸರು ಹಿಂದಕ್ಕ ತಗೊಂಡಿದ್ರ ಈ ಪತ್ರ ಓದಿದ ಕೂಡ್ಲೆ ತಿರುಗಿ ಹಚ್ಚು. ಪರೀಕ್ಷಾದಾಗ ಎಂಥಾ ದೊಡ್ಡ ಮನಷ್ಯಾ ಪಕ್ಕದಾಗ ಕುಂತು ಏನ ಅಂದ್ರೂ ನಿನಗ ಬಂದ ವಾಸನಿನ ಬರಿ. ನನಗ ಕ್ಷಮಾ ಮಾಡು ಅಂತ ಕೇಳಾಕ ನಾಚಿಕಿ ಆಗತೈತಿ. ಸಿಟ್ಟು ಬಂದ್ರ ಬೈದು ಒಂದು ಪತ್ರ ಬರಿ, ಓದತೇನಿ.

ನಿಮ್ಮಜ್ಜಿ ನಿನ್ನ ನೆತ್ತಿ ಮುಟ್ಟಿ ಒಳ್ಳೇದಾಗಲಿ ಅಂದಾಳ. ನಾನೂ ಅದನ್ನ ಅಂತೇನಿ, ಅನ್ನೂ ಹಕ್ಕು ಇನ್ನೂ ಉಳದಿದ್ರ.

ನಿನ್ನ ಅಜ್ಜ,
ಅಂದಾನೆಪ್ಪ

ತಾ.ಕ.: ಅಸ್ಲಮ್ ಸ್ಪೀಡ್ ಪೋಸ್ಟಿಗೆ ಹಾಕಾಕ ಬಾಗಲಾಗ ನಿಂತಾನ, ಲಗೂ ಬರೀತೇನಿ. ಇವತ್ತ ಮುಂಜಾನೆ ಅಂವನ ನನ್ನ ದಾವಣಗೆರಿ ಡಾಕ್ಟರ್ ಹತ್ರ ಕರಕೊಂಡು ಹೋಗಿದ್ದ. ಬರತೈತಿ ಅಂತ ಮಾತು ಕೊಡಾಕ ಆಗಂಗಿಲ್ಲ, ದಿನಾ ಎರಡು ಹೊತ್ತು ಲವಂಗ, ನಿಂಬಿಹಣ್ಣು ಮೂಗಿಗೆ ಹಿಡೀರಿ, ವಾಸನಿ ಹೆಂಗಿರತೈತಿ ಅಂತ ಯಾರರ ಪಕ್ಕದಾಗ ಹೇಳಕೋತ ಇದ್ರ ಛಲೋ ಅಂದ್ರು. ನಿಮ್ಮಜ್ಜಿಗೆ ಕೇಳಿದ್ರ 'ಲವಂಗ ಲವಂಗದಂಗ ಇರತೈತಿ' ಅಂತಾಳ. ನಿನ್ನಂಗ ಹೇಳಾಕ ಯಾರಿಗೆ ಬರತೈತಿ? ಪರೀಕ್ಷಾ ಮುಗದ ಮ್ಯಾಲ ದಿನಾ ಐದು ನಿಮಿಷ ಫೋನ್ ಮಾಡ್ತೀಯೇನು? ನಾ ಇಲ್ಲಿ ಮೂಗಿಗೆ ಹಿಡದು ಕುಂತಿರತೇನಿ. ಅದು ಹೆಂಗೈತಿ ಅಂತ ನೀ ಹೇಳು. ನನಗೇನೂ ಬರಲಿಲ್ಲ ಅಂದ್ರ ಬರಲಿಲ್ಲ ಅಂತನ ಹೇಳತೇನಿ.